ಆತಂಕದ ಔಷಧಗಳು: ಅವುಗಳ ಚರಿತ್ರೆ ಮತ್ತು ಕಾರ್ಯವಿಧಾನ

ಪೀಠಿಕೆ

ಭಯವು ಪ್ರಾಣಿಮಾತ್ರಕ್ಕೆ ಹುಟ್ಟಿನೊಡನೆ ಬಂದ ಗುಣ. ಹಾವನ್ನು ಕಂಡು ಹಿಂದೆ ಸರಿಯದ ಜೀವಿಯು ಬಹುಕಾಲ ಬದುಕಲಾರದು. ಆದರೆ ಎದುರಿಗೆ ಯಾವ ಅಪಾಯವೂ ಇಲ್ಲದಿರುವಾಗಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಬಿಡದೆ ಕಾಡುವ ಭಯವೊಂದುಂಟು. ಎದೆ ಡವಡವಿಸುವುದು, ಗಂಟಲು ಒಣಗುವುದು, ಕೈ ನಡುಗುವುದು, ನಿದ್ರೆ ಬಾರದಿರುವುದು, ಆಗಬಾರದ್ದೇನೋ ಆಗಿಬಿಡುತ್ತದೆಂಬ ನಿರೀಕ್ಷೆಯಲ್ಲಿ ದಿನ ಕಳೆಯುವುದು, ಇವು ಅದರ ಲಕ್ಷಣಗಳು. ಇವು ಮನುಷ್ಯನ ಓದಿಗೂ ಉದ್ಯೋಗಕ್ಕೂ ಸಂಸಾರಕ್ಕೂ ಅಡ್ಡಿಯಾಗುವ ಮಟ್ಟಕ್ಕೆ ಬೆಳೆದಾಗ ವೈದ್ಯಶಾಸ್ತ್ರವು ಅವನ್ನು ಆತಂಕದ ಬೇನೆಯೆಂದು ಕರೆಯುತ್ತದೆ.

ಈ ಬೇನೆ ವಿರಳವಾದುದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ೧೦.೬ರಷ್ಟು ಜನ ಒಂದಲ್ಲ ಒಂದು ಮಾನಸಿಕ ವ್ಯಾಧಿಯಿಂದ ಬಳಲುತ್ತಿದ್ದರು. ಆತಂಕ ಮತ್ತು ಮನಃಕ್ಲೇಶಕ್ಕೆ ಸಂಬಂಧಿಸಿದ ಬೇನೆಗಳೇ ಸುಮಾರು ಮೂರೂವರೆಯಷ್ಟಿದ್ದವು. ಇವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲವೆಂಬುದೂ ಅದೇ ಸಮೀಕ್ಷೆಯಿಂದ ತಿಳಿದುಬಂದಿತು.

ಚಿಕಿತ್ಸೆಗೆ ಹೋದವರ ಪಾಡೂ ಯಾವಾಗಲೂ ಸುಗಮವಾಗಿರುವುದಿಲ್ಲ. ಆತಂಕಕ್ಕೆಂದು ಕೊಡುವ ಗುಳಿಗೆಗಳೆಲ್ಲ ನಿದ್ದೆಮಾತ್ರೆಗಳೇ ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಉಂಟು. ವಾಸ್ತವವಾಗಿ ಇವುಗಳಲ್ಲಿ ಹಲವು ಜಾತಿಗಳಿವೆ. ಅವು ಕೆಲಸಮಾಡುವ ಸ್ಥಳಗಳು ಬೇರೆ, ಅದಕ್ಕಿಂತ ಮುಖ್ಯವಾಗಿ ಅವುಗಳ ಕಾಲಮಾನಗಳು ಬೇರೆ. ಒಂದು ಜಾತಿಯದು ಗಂಟೆಯೊಳಗೆ ಫಲ ತೋರುತ್ತದೆ. ಇನ್ನೊಂದು ಜಾತಿಯದಕ್ಕೆ ವಾರಗಳು ಬೇಕು. ಈ ಭೇದವನ್ನರಿಯದೆ ರೋಗಿಗಳು ಮೊದಲನೆಯದನ್ನು ಬಿಡಬೇಕಾದ ಕಾಲದಲ್ಲಿ ಬಿಡದೆಯೂ, ಎರಡನೆಯದನ್ನು ಬಿಡಬಾರದ ಕಾಲದಲ್ಲಿ ಬಿಟ್ಟೂ ಕಷ್ಟಕ್ಕೊಳಗಾಗುವುದುಂಟು. ಈ ಭೇದವು ಹೇಗೆ ಉಂಟಾಗುತ್ತದೆಂಬುದನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ. ಲೇಖಕನು ಚರಿತ್ರೆಯ ಅಧ್ಯಾಪಕನೇ ಹೊರತು ವೈದ್ಯನಲ್ಲವಾದ ಕಾರಣ ಇಲ್ಲಿ ಯಾರಿಗೂ ಚಿಕಿತ್ಸೆಯ ಸಲಹೆಯಿಲ್ಲ. ಆದರೆ ಈ ಔಷಧಗಳ ಕಥೆಯು ಇಪ್ಪತ್ತನೆಯ ಶತಮಾನದ ಚರಿತ್ರೆಯ ಒಂದು ಭಾಗವಾಗಿದೆ. ಅದರ ಒಂದು ಅಧ್ಯಾಯವು ನಮ್ಮ ಹೆಬ್ಬಾಳದ ನೆರೆಯಲ್ಲಿಯೇ ನಡೆದಿದೆ.

೧. ಭಯದ ದೇಹಧರ್ಮ

ಮಬ್ಬುಗತ್ತಲಲ್ಲಿ ಹಗ್ಗವನ್ನು ತುಳಿದವನು ಹಾವೆಂದು ಬೆದರಿ ಹಾರುವ ದೃಷ್ಟಾಂತವು ನಮ್ಮ ವೇದಾಂತಿಗಳಿಗೆ ಬಹು ಪ್ರಿಯವಾದುದು. ಅವರು ಅದನ್ನು ಭ್ರಾಂತಿಯ ಸ್ವರೂಪವನ್ನು ತಿಳಿಸಲು ಬಳಸಿದರು. ಶರೀರಶಾಸ್ತ್ರಜ್ಞರಿಗೆ ಅದರಲ್ಲಿ ಇನ್ನೊಂದು ವಿಷಯ ಕಾಣುತ್ತದೆ: ಅದು ಹಗ್ಗವೆಂದು ಬುದ್ಧಿಯು ನಿರ್ಧರಿಸುವ ಮುನ್ನವೇ ದೇಹವು ಹಾರಿಬಿಟ್ಟಿರುತ್ತದೆ. ಇಂದ್ರಿಯಗಳಿಂದ ಬಂದ ಸುದ್ದಿಯು ಮಿದುಳಿನಲ್ಲಿ ಎರಡು ದಾರಿ ಹಿಡಿಯುತ್ತದೆ. ಒಂದು ದಾರಿ ವಿಚಾರಶಕ್ತಿಯ ನೆಲೆಯಾದ ಮಿದುಳಿನ ಹೊರಪದರಕ್ಕೆ ಹೋಗುತ್ತದೆ. ಇದು ಸ್ಪಷ್ಟ, ಆದರೆ ನಿಧಾನ. ಇನ್ನೊಂದು ಅಡ್ಡದಾರಿಯು ಅಮಿಗ್ಡಲವೆಂಬ ಚಿಕ್ಕ ಭಾಗಕ್ಕೆ ನೇರವಾಗಿ ಮುಟ್ಟುತ್ತದೆ. ಇದು ಅಸ್ಪಷ್ಟ, ಆದರೆ ಶೀಘ್ರ. ಬಾದಾಮಿ ಬೀಜದ ಆಕಾರದ ಈ ಅಮಿಗ್ಡಲವು ಎರಡು ಕಿವಿಗಳ ನೇರಕ್ಕೆ, ಮಿದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ ಇದೆ. ಅಪಾಯದ ಸೂಚನೆಯನ್ನು ಗುರುತಿಸಿ ದೇಹವನ್ನು ಎಚ್ಚರಿಸುವುದು ಅದರ ಮುಖ್ಯ ಕಾರ್ಯಗಳಲ್ಲೊಂದು.

ಅಮಿಗ್ಡಲದಿಂದ ಸುದ್ದಿಯು ಹೈಪೊಥಲಮಸ್ ಎಂಬ ಭಾಗಕ್ಕೆ ಹೋಗುತ್ತದೆ. ಅಲ್ಲಿಂದ ಎರಡು ಆಜ್ಞೆಗಳು ಹೊರಡುವುವು. ಮೊದಲನೆಯದು ನರಗಳ ಮೂಲಕ ಕ್ಷಣಮಾತ್ರದಲ್ಲಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ತಲಪುತ್ತದೆ. ಅವು ಸುರಿಸುವ ಅಡ್ರಿನಲಿನ್ ರಸವು ಹೃದಯದ ಬಡಿತವನ್ನು ಹೆಚ್ಚಿಸಿ, ಉಸಿರನ್ನು ಚುರುಕುಗೊಳಿಸಿ, ಹೊಟ್ಟೆಯ ಕಡೆಗೆ ಹೋಗುವ ರಕ್ತವನ್ನು ಮಾಂಸಖಂಡಗಳತ್ತ ತಿರುಗಿಸುತ್ತದೆ. ಹೋರಾಡು, ಇಲ್ಲವೇ ಓಡು ಎಂಬುದೇ ಈ ಸಿದ್ಧತೆಯ ಅರ್ಥವೆಂದು ಅಮೆರಿಕದ ವಾಲ್ಟರ್ ಕ್ಯಾನನ್ ೧೯೧೫ರಲ್ಲಿ ವಿವರಿಸಿದರು. ಎರಡನೆಯ ಆಜ್ಞೆಯು ರಕ್ತದ ಮೂಲಕ, ಪಿಟ್ಯೂಟರಿ ಗ್ರಂಥಿಯನ್ನು ಹಾದು, ನಿಮಿಷಗಳ ಲೆಕ್ಕದಲ್ಲಿ ಅದೇ ಅಡ್ರಿನಲ್ ಗ್ರಂಥಿಗಳ ಹೊರಪದರವನ್ನು ಮುಟ್ಟಿ ಕಾರ್ಟಿಸಾಲ್ ಎಂಬ ಇನ್ನೊಂದು ರಸವನ್ನು ಸುರಿಸುತ್ತದೆ. ಇದು ದೇಹದ ಸಕ್ಕರೆಯ ದಾಸ್ತಾನನ್ನು ಬಿಡಿಸಿ, ದೀರ್ಘವಾದ ಹೋರಾಟಕ್ಕೆ ಅಣಿಮಾಡುತ್ತದೆ.

ಅಪಾಯವು ಕಳೆದ ಮೇಲೆ ಈ ಏರ್ಪಾಡು ತಾನಾಗಿಯೇ ಶಮನವಾಗಬೇಕು. ಹಣೆಯ ಹಿಂದಿರುವ ಮಿದುಳಿನ ಮುಂಭಾಗವು ಸನ್ನಿವೇಶವನ್ನು ವಿಮರ್ಶಿಸಿ, ಅದು ಹಾವಲ್ಲ, ಹಗ್ಗವೆಂದು ತಿಳಿದು, ಅಮಿಗ್ಡಲಕ್ಕೆ ಕಡಿವಾಣ ಹಾಕುತ್ತದೆ. ಸ್ಥಳ ಮತ್ತು ಸಂದರ್ಭಗಳ ನೆನಪಿಗೆ ನೆಲೆಯಾದ ಹಿಪ್ಪೊಕ್ಯಾಂಪಸ್ ಈ ಕಾರ್ಯದಲ್ಲಿ ನೆರವಾಗುತ್ತದೆ. ಆತಂಕದ ಬೇನೆಯಲ್ಲಿ ಎಚ್ಚರಿಸುವ ಕಡೆಯು ಪ್ರಬಲವಾಗಿ, ಶಮನಗೊಳಿಸುವ ಕಡೆಯು ದುರ್ಬಲವಾಗಿರುತ್ತದೆ.

೨. ಹೆಬ್ಬಾಳದ ನೆರೆಯಲ್ಲಿ ನಡೆದ ಪ್ರಯೋಗಗಳು

ಹಾಗಾದರೆ ಎಚ್ಚರಿಸುವ ಕಡೆಯು ಪ್ರಬಲವಾಗುವುದು ಹೇಗೆ? ಈ ಪ್ರಶ್ನೆಗೆ ದೊರೆತ ಮುಖ್ಯ ಉತ್ತರಗಳಲ್ಲೊಂದು ಬಳ್ಳಾರಿ ರಸ್ತೆಯಿಂದ ಬಂದುದು. ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೋಗುವ ದಾರಿಯಲ್ಲಿ ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರವಿದೆ. ಅದರ ಆವರಣದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಇಲ್ಲಿ ಸುಮಂತ್ರ ಚಟರ್ಜಿಯವರೂ ಅವರ ಸಹೋದ್ಯೋಗಿಗಳೂ ಇಲಿಗಳಲ್ಲಿ ಮನಃಕ್ಲೇಶದ ಪರಿಣಾಮವನ್ನು ಪರೀಕ್ಷಿಸಿದರು.

ಇಲಿಯನ್ನು ಅಲುಗಾಡದಂತೆ ದಿನಕ್ಕೆ ಎರಡು ಗಂಟೆಗಳ ಕಾಲ, ಹತ್ತು ದಿನಗಳವರೆಗೆ ಬಂಧಿಸಿಡುವುದು ಪ್ರಯೋಗದ ಕ್ರಮ. ಅನಂತರ ಅದರ ಮಿದುಳಿನ ನರಕೋಶಗಳ ಕವಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯಲಾಯಿತು. ಇಂಥ ಕ್ಲೇಶದಿಂದ ಹಿಪ್ಪೊಕ್ಯಾಂಪಸಿನ ಕೋಶಗಳ ಕವಲುಗಳು ಕುಗ್ಗುವುವೆಂಬುದು ಮೊದಲೇ ತಿಳಿದಿತ್ತು. ಅಮಿಗ್ಡಲದಲ್ಲಿ ಕಂಡುದು ಅದಕ್ಕೆ ವಿರುದ್ಧ: ಅಲ್ಲಿನ ಕೋಶಗಳ ಕವಲುಗಳು ಉದ್ದವಾಗಿಯೂ ಹೆಚ್ಚಾಗಿಯೂ ಬೆಳೆದಿದ್ದವು. ಒಂದೇ ಕಷ್ಟವು ಸಂದರ್ಭವನ್ನರಿಯುವ ಭಾಗವನ್ನು ಸೊರಗಿಸಿ, ಭಯಪಡುವ ಭಾಗವನ್ನು ಬೆಳೆಸಿತ್ತು. ೨೦೦೨ರಲ್ಲಿ ಪ್ರಕಟವಾದ ಈ ಫಲಿತಾಂಶವು ಜಗತ್ತಿನ ವಿದ್ವಾಂಸರ ಗಮನವನ್ನು ಸೆಳೆಯಿತು.

ಮುಂದಿನ ಪ್ರಯೋಗಗಳು ಕಾಲದ ಪ್ರಶ್ನೆಯನ್ನು ಎತ್ತಿಕೊಂಡವು. ಬಂಧನ ಮುಗಿದ ಮೇಲೆ ಇಲಿಗಳಿಗೆ ಇಪ್ಪತ್ತೊಂದು ದಿನಗಳ ವಿಶ್ರಾಂತಿ ಕೊಟ್ಟಾಗ ಹಿಪ್ಪೊಕ್ಯಾಂಪಸಿನ ಕವಲುಗಳು ಪೂರ್ವಸ್ಥಿತಿಗೆ ಮರಳಿದವು. ಅಮಿಗ್ಡಲದ ಬೆಳವಣಿಗೆಯೂ ಇಲಿಯ ಅಂಜಿಕೆಯೂ ಹಾಗೆಯೇ ಉಳಿದವು. ೨೦೦೫ರಲ್ಲಿ ಇನ್ನೂ ವಿಚಿತ್ರವಾದ ಸಂಗತಿಯೊಂದು ವರದಿಯಾಯಿತು. ಒಂದೇ ಒಂದು ಸಲ ಎರಡು ಗಂಟೆ ಬಂಧಿಸಿ ಬಿಟ್ಟ ಇಲಿಯಲ್ಲಿ ಮರುದಿನ ಯಾವ ವ್ಯತ್ಯಾಸವೂ ಕಾಣಲಿಲ್ಲ. ಆದರೆ ಹತ್ತು ದಿನಗಳು ಕಳೆದ ಮೇಲೆ ನೋಡಿದಾಗ ಅಮಿಗ್ಡಲದ ಕವಲುಗಳ ಮೇಲೆ ಹೊಸ ಮುಳ್ಳುಗಳು ಮೂಡಿದ್ದವು, ಅಂಜಿಕೆಯೂ ಹೆಚ್ಚಿತ್ತು. ನರಕೋಶಗಳು ಪರಸ್ಪರ ಸುದ್ದಿಯನ್ನು ಪಡೆಯುವ ಸ್ಥಾನಗಳೇ ಈ ಮುಳ್ಳುಗಳು. ಅಪಘಾತದಿಂದ ಗಾಯವಿಲ್ಲದೆ ಪಾರಾದವನು ವಾರಗಳು ಕಳೆದ ಮೇಲೆ ರಸ್ತೆ ದಾಟಲು ನಡುಗುವುದನ್ನು ಕಂಡವರಿಗೆ ಈ ಫಲಿತಾಂಶದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲಿಯಿಂದ ಮನುಷ್ಯನಿಗೆ ಜಿಗಿಯುವಾಗ ಎಚ್ಚರ ಅವಶ್ಯವಾದರೂ ಒಂದು ಮಾತನ್ನು ಹೇಳಬಹುದು: ಆತಂಕವು ಕೇವಲ ಗಳಿಗೆಯ ಭಾವವಲ್ಲ, ನರಕೋಶಗಳ ರಚನೆಯಲ್ಲಿ ದಿನಗಳ, ವಾರಗಳ ಗತಿಯಲ್ಲಿ ಬೇರೂರುವ ವಸ್ತು.

ಇಲಿಯ ಅಂಜಿಕೆಯನ್ನು ಅಳೆಯುವುದು ಹೇಗೆಂದು ವಾಚಕರು ಕೇಳಬಹುದು. ಅದಕ್ಕಾಗಿ ನೆಲದಿಂದ ಎತ್ತರದಲ್ಲಿ ಕೂಡುಚಿಹ್ನೆಯ ಆಕಾರದ ಒಂದು ಹಾದಿಯನ್ನು ನಿಲ್ಲಿಸುತ್ತಾರೆ. ಅದರ ಎರಡು ತೋಳುಗಳಿಗೆ ಗೋಡೆಗಳುಂಟು, ಉಳಿದೆರಡು ಬಯಲು. ಅಂಜಿದ ಇಲಿಯು ಗೋಡೆಯ ಮರೆಯಲ್ಲಿಯೇ ಉಳಿಯುತ್ತದೆ. ಧೈರ್ಯವುಳ್ಳದ್ದು ಬಯಲಿಗೂ ಬರುತ್ತದೆ. ಡಯಜೆಪಾಮ್ ಎಂಬ ಔಷಧವನ್ನು ಕೊಟ್ಟ ಇಲಿಯು ಬಯಲು ತೋಳುಗಳಲ್ಲಿ ಹೆಚ್ಚು ಹೊತ್ತು ಓಡಾಡುತ್ತದೆ. ಮನುಷ್ಯರ ಆತಂಕವನ್ನು ತಗ್ಗಿಸುವ ಔಷಧವೇ ಇಲಿಯ ಅಂಜಿಕೆಯನ್ನೂ ತಗ್ಗಿಸುತ್ತದೆಂಬುದರಿಂದ ಈ ಪರೀಕ್ಷೆಗೆ ಬೆಲೆ ಬಂದಿದೆ. ಇನ್ನು ಅಂಥ ಔಷಧಗಳು ಬಳಕೆಗೆ ಬಂದ ಬಗೆಯನ್ನು ನೋಡಬಹುದು.

೩. ಪೂರ್ವಕಾಲದ ಔಷಧಗಳು

ಮದ್ಯ ಮತ್ತು ಅಫೀಮುಗಳು ಮನುಷ್ಯನಿಗೆ ತಿಳಿದಿದ್ದ ಅತಿ ಹಳೆಯ ಆತಂಕಶಾಮಕಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಇವುಗಳೊಡನೆ ಬ್ರೋಮೈಡ್ ಲವಣಗಳೂ ಕ್ಲೋರಲ್ ಹೈಡ್ರೇಟೂ ಸೇರಿದವು. ೧೯೦೩ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಮತ್ತು ಫಾನ್ ಮೆರಿಂಗರು ಬಾರ್ಬಿಟಾಲನ್ನು ನಿದ್ರೌಷಧವಾಗಿ ಬಳಕೆಗೆ ತಂದರು. ಈ ಬಾರ್ಬಿಟ್ಯುರೇಟುಗಳು ಸುಮಾರು ಅರ್ಧ ಶತಮಾನ ರಾಜ್ಯವಾಳಿದವು. ಅವುಗಳ ದೊಡ್ಡ ದೋಷವೆಂದರೆ, ನಿದ್ರೆ ತರುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ನಡುವೆ ಇದ್ದ ಅಂತರವು ಬಹಳ ಕಿರಿದು.

ನಮ್ಮ ದೇಶದ ಕೊಡುಗೆಯು ಸರ್ಪಗಂಧಿಯ ಬೇರಿನಿಂದ ಬಂದಿತು. ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಈ ಬೇರು ಉಪಯುಕ್ತವೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು ೧೯೩೧ರಲ್ಲಿ ಬರೆದರು. ಮುಂಬಯಿಯ ರುಸ್ತುಮ್ ಜಾಲ್ ವಕೀಲರು ರಕ್ತದ ಒತ್ತಡದ ರೋಗಿಗಳಲ್ಲಿ ಇದನ್ನು ಬಳಸಿ ಪಡೆದ ಫಲಿತಾಂಶಗಳನ್ನು ೧೯೪೯ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಮೇಲೆ ಪಾಶ್ಚಾತ್ಯರ ಗಮನ ಇತ್ತ ಹರಿಯಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೇರಿನ ಸತ್ತ್ವವಾದ ರಿಸರ್ಪಿನ್ ಬೇರ್ಪಟ್ಟಿತು. ಅದನ್ನು ಪಡೆದ ಪ್ರಾಣಿಗಳ ಮಿದುಳಿನಲ್ಲಿ ಸೆರೊಟೋನಿನ್ ಎಂಬ ವಸ್ತುವಿನ ದಾಸ್ತಾನು ಬರಿದಾಗುವುದೆಂದು ೧೯೫೫ರಲ್ಲಿ ಅಮೆರಿಕದ ಬ್ರೋಡಿಯವರ ಪ್ರಯೋಗಾಲಯವು ತೋರಿಸಿತು. ರೋಗಿಗಳು ಶಾಂತರಾದರು, ಆದರೆ ಕೆಲವರು ಖಿನ್ನರೂ ಆದರೆಂದು ವೈದ್ಯರು ವರದಿಮಾಡಿದರು. ಈ ಕಾರಣದಿಂದ ರಿಸರ್ಪಿನ್ ಮಾನಸಿಕ ಚಿಕಿತ್ಸೆಯಿಂದ ಹಿಂದೆ ಸರಿಯಿತು. ಮಿದುಳಿನ ಒಂದು ನಿರ್ದಿಷ್ಟ ರಾಸಾಯನಿಕ ವಸ್ತುವಿಗೂ ಮನಸ್ಸಿನ ಸ್ಥಿತಿಗೂ ಸಂಬಂಧವಿರಬಹುದೆಂಬ ಯೋಚನೆಗೆ ಮಾತ್ರ ಅದು ಬಲವಾದ ಆಧಾರವನ್ನು ಒದಗಿಸಿ ಹೋಯಿತು.

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿಯೂ ಬದಲಾವಣೆ ನಡೆಯುತ್ತಿತ್ತು. ಹುಚ್ಚಾಸ್ಪತ್ರೆಯೆಂದು ಜನ ಕರೆಯುತ್ತಿದ್ದ ಸಂಸ್ಥೆಗೆ ಮೈಸೂರು ಸರ್ಕಾರವು ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನಿತ್ತಿತು. ಅದರೊಡನೆ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾಗಿ, ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ೧೯೭೪ರಲ್ಲಿ ಇವೆರಡೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ಮಾನಸಿಕ ವ್ಯಾಧಿಗೆ ಗೋಡೆಯೊಳಗಿನ ವಾಸವೇ ಚಿಕಿತ್ಸೆಯೆಂಬ ಕಾಲವು ಹೋಗಿ, ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸುವ ಕಾಲವು ಬಂದುದು ಈ ದಶಕಗಳಲ್ಲಿಯೇ.

೪. ಗಂಟೆಯ ಲೆಕ್ಕದ ಔಷಧಗಳು

ಆತಂಕಕ್ಕೆಂದೇ ಮೀಸಲಾದ ಔಷಧಗಳ ಯುಗವು ೧೯೫೫ರಲ್ಲಿ ಫ್ರಾಂಕ್ ಬರ್ಗರರ ಮೆಪ್ರೋಬಮೇಟಿನಿಂದ ಮೊದಲಾಯಿತು. ಅದನ್ನು ಮೀರಿಸುವ ಔಷಧಕ್ಕಾಗಿ ಕಂಪನಿಗಳಲ್ಲಿ ಪೈಪೋಟಿ ಏರ್ಪಟ್ಟಿತು. ನಾಜಿಗಳ ಹಾವಳಿಯ ದೆಸೆಯಿಂದ ಯೂರೋಪನ್ನು ಬಿಟ್ಟು ಅಮೆರಿಕಕ್ಕೆ ಬಂದಿದ್ದ ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞರು ರೋಷ್ ಕಂಪನಿಯಲ್ಲಿ ಹಲವು ವಸ್ತುಗಳನ್ನು ತಯಾರಿಸಿ ವಿಫಲರಾಗಿದ್ದರು. ೧೯೫೭ರಲ್ಲಿ ಪ್ರಯೋಗಾಲಯವನ್ನು ಓರಣಗೊಳಿಸುವಾಗ, ಪರೀಕ್ಷೆಗೆ ಹೋಗದೆ ಉಳಿದಿದ್ದ ಒಂದು ಪುಡಿಯು ಸಹೋದ್ಯೋಗಿಯೊಬ್ಬರ ಕಣ್ಣಿಗೆ ಬಿತ್ತು. ಅದನ್ನು ಪ್ರಾಣಿಗಳಿಗೆ ಕೊಟ್ಟಾಗ ಅವು ಮಂಪರಿಗೆ ಬೀಳದೆ ಸೌಮ್ಯವಾದವು. ೧೯೬೦ರಲ್ಲಿ ಲಿಬ್ರಿಯಮ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ಕ್ಲೋರ್‌ಡಯಜೆಪಾಕ್ಸೈಡು ಇದೇ. ೧೯೬೩ರಲ್ಲಿ ಡಯಜೆಪಾಮ್, ಅರ್ಥಾತ್ ವೇಲಿಯಮ್, ಅದನ್ನು ಹಿಂಬಾಲಿಸಿತು. ಇಂದು ಹೆಸರಾದ ಆಲ್‌ಪ್ರಜೋಲಮ್, ಲೊರಾಜೆಪಾಮ್, ಕ್ಲೊನಾಜೆಪಾಮುಗಳೆಲ್ಲ ಬೆಂಜೊಡಯಜೆಪೀನುಗಳೆಂಬ ಈ ಕುಲಕ್ಕೇ ಸೇರಿದುವು.

ಈ ಔಷಧಗಳನ್ನು ಲಕ್ಷಾಂತರ ಜನ ನುಂಗುತ್ತಿದ್ದಾಗಲೂ ಅವು ಮಿದುಳಿನಲ್ಲಿ ಏನು ಮಾಡುವುವೆಂಬುದು ಗೊತ್ತಿರಲಿಲ್ಲ. ಅದನ್ನು ತಿಳಿಯಲು ನರಕೋಶಗಳ ಸಂಭಾಷಣೆಯನ್ನು ಸ್ವಲ್ಪ ತಿಳಿಯಬೇಕು. ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಒಂದು ಕೋಶಕ್ಕೂ ಇನ್ನೊಂದಕ್ಕೂ ನಡುವೆ ಅತಿ ಸೂಕ್ಷ್ಮವಾದ ತೆರಪುಂಟು, ಇದನ್ನು ನರಸಂಧಿಯೆನ್ನೋಣ. ಸುದ್ದಿಯು ಈ ತೆರಪನ್ನು ದಾಟಬೇಕಾದರೆ ಮೊದಲ ಕೋಶವು ಒಂದು ರಾಸಾಯನಿಕ ವಸ್ತುವನ್ನು ಅಲ್ಲಿ ಸುರಿಸಬೇಕು. ಅದು ಎರಡನೆಯ ಕೋಶದ ಮೇಲಿನ ಗ್ರಾಹಕವೆಂಬ ಅಣುವಿಗೆ ತಗಲಬೇಕು. ಕೆಲವು ವಸ್ತುಗಳು ಎರಡನೆಯ ಕೋಶವನ್ನು ಉದ್ರೇಕಿಸುವುವು, ಕೆಲವು ತಡೆಯುವುವು. ತಡೆಯುವ ವಸ್ತುಗಳಲ್ಲಿ ಪ್ರಧಾನವಾದುದು ಗಾಮಾ ಅಮೈನೊ ಬ್ಯುಟಿರಿಕ್ ಆಮ್ಲ, ಸಂಕ್ಷೇಪವಾಗಿ ಗಾಬಾ. ಹೆಸರು ನಮ್ಮ ಗಾಬರಿಯನ್ನು ಹೋಲುತ್ತದೆಯಾದರೂ ಕೆಲಸವು ಗಾಬರಿಯನ್ನು ಇಳಿಸುವುದು. ಅದು ಮಿದುಳಿನಲ್ಲಿರುವುದು ೧೯೫೦ರಲ್ಲಿ ತಿಳಿದುಬಂದಿತು.

ಗಾಬಾದ ಗ್ರಾಹಕವು ಕೋಶದ ಪೊರೆಯಲ್ಲಿರುವ ಒಂದು ತೂಬು. ಗಾಬಾ ಬಂದು ತಗಲಿದಾಗ ತೂಬು ತೆರೆದು, ಋಣ ವಿದ್ಯುದಂಶವುಳ್ಳ ಕ್ಲೋರೈಡ್ ಕಣಗಳು ಒಳಗೆ ಹರಿಯುತ್ತವೆ; ಆಗ ಕೋಶವು ಸುಲಭವಾಗಿ ಉದ್ರೇಕಗೊಳ್ಳದು. ಕೆರೆಯ ತೂಬನ್ನು ಎತ್ತಲು ಊರಿನಲ್ಲಿ ಒಬ್ಬ ನೀರುಗಂಟಿಯಿರುವಂತೆ ಇಲ್ಲಿ ಗಾಬಾವೇ ನೀರುಗಂಟಿ. ಬೆಂಜೊಡಯಜೆಪೀನುಗಳು ಅದೇ ಗ್ರಾಹಕದ ಇನ್ನೊಂದು ಮಗ್ಗುಲಿನಲ್ಲಿ ಕುಳಿತು, ನೀರುಗಂಟಿಯು ತೂಬನ್ನು ಹೆಚ್ಚು ಹೆಚ್ಚು ಸಲ ಎತ್ತುವಂತೆ ನೆರವಾಗುವುವು. ನೀರುಗಂಟಿಯೇ ಇಲ್ಲದಿದ್ದರೆ ಅವು ತಾವಾಗಿ ಏನನ್ನೂ ಮಾಡಲಾರವು. ಬಾರ್ಬಿಟ್ಯುರೇಟುಗಳಾದರೋ ಎತ್ತಿದ ತೂಬನ್ನು ದೀರ್ಘಕಾಲ ಹಿಡಿದಿಡುವುವು; ಪ್ರಮಾಣ ಹೆಚ್ಚಾದರೆ ನೀರುಗಂಟಿಯಿಲ್ಲದೆಯೂ ತೂಬನ್ನೆತ್ತುವುವು. ಹಳೆಯ ಔಷಧವು ಪ್ರಾಣಾಪಾಯಕಾರಿಯೂ ಹೊಸದು ಅಷ್ಟಿಲ್ಲದುದೂ ಆಗಿರುವುದರ ರಹಸ್ಯ ಇದೇ. ಬೆಂಜೊಡಯಜೆಪೀನುಗಳಿಗೆ ಮಿದುಳಿನಲ್ಲಿ ಪ್ರತ್ಯೇಕ ನೆಲೆಯುಂಟೆಂದು ೧೯೭೭ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಡೆನ್ಮಾರ್ಕುಗಳ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದವು. ಲಿಬ್ರಿಯಮ್ ಮಾರುಕಟ್ಟೆಗೆ ಬಂದು ಆಗ ಹದಿನೇಳು ವರ್ಷಗಳಾಗಿದ್ದವು.

ಅಮಿಗ್ಡಲದಲ್ಲಿ ಈ ಗ್ರಾಹಕಗಳು ಯಥೇಚ್ಛವಾಗಿರುವುದರಿಂದ ಗುಳಿಗೆ ನುಂಗಿದ ಅರ್ಧ ಗಂಟೆ, ಒಂದು ಗಂಟೆಯಲ್ಲಿಯೇ ಎದೆಯ ಬಿಗಿತವು ಸಡಿಲವಾಗುತ್ತದೆ. ಅವು ಇತರ ಭಾಗಗಳಲ್ಲಿಯೂ ಇರುವುದರಿಂದ ತೂಕಡಿಕೆ, ಮರೆವು, ನಡಿಗೆಯ ತಡವರಿಕೆಗಳೂ ಜೊತೆಯಲ್ಲಿ ಬರುತ್ತವೆ. ಓದಿದುದು ನೆನಪಿನಲ್ಲಿ ನಿಲ್ಲದಿರುವುದು ವಿದ್ಯಾರ್ಥಿಗೆ ಸಣ್ಣ ನಷ್ಟವಲ್ಲ. ಮದ್ಯವೂ ಇದೇ ಗ್ರಾಹಕಗಳ ಮೇಲೆ ಕೆಲಸಮಾಡುವುದರಿಂದ ಎರಡೂ ಕೂಡಿದಾಗ ಉಸಿರಾಟವು ಕುಗ್ಗಿ ಪ್ರಾಣಕ್ಕೇ ಮುಳುವಾಗಬಹುದು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಕಾಲಕ್ಕೆ ಸಂಬಂಧಿಸಿದುದು. ಹೊರಗಿನಿಂದ ನೆರವು ದಿನವೂ ಬರುತ್ತಿದ್ದರೆ ಮಿದುಳು ತನ್ನ ಸಮತೋಲವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತದೆ: ಗ್ರಾಹಕಗಳ ಸ್ಪಂದನವು ಮಂದವಾಗಿ, ಉದ್ರೇಕದ ಕಡೆಯು ಬಲಗೊಳ್ಳುತ್ತದೆ. ಆಗ ಹಿಂದಿನ ಪ್ರಮಾಣ ಸಾಲದಾಗುತ್ತದೆ. ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಬಲಗೊಂಡ ಉದ್ರೇಕವು ತಡೆಯಿಲ್ಲದೆ ಮೇಲೇಳುತ್ತದೆ. ಮೊದಲಿಗಿಂತ ಹೆಚ್ಚಿನ ಆತಂಕ, ನಿದ್ರಾನಾಶ, ನಡುಕ, ಕೆಲವು ವೇಳೆ ಮೂರ್ಛೆ ಬರುತ್ತವೆ. ರೋಗಿಯಾದವನು ಇದನ್ನು ತನ್ನ ಹಳೆಯ ಬೇನೆಯೆಂದೇ ಭ್ರಮಿಸಿ ಗುಳಿಗೆಗೆ ಮರಳುತ್ತಾನೆ. ಈ ಕಾರಣದಿಂದ ಬ್ರಿಟನ್ನಿನ ಔಷಧ ಸಮಿತಿಯು ೧೯೮೮ರಲ್ಲಿಯೇ ಇವುಗಳ ಬಳಕೆಯನ್ನು ಎರಡರಿಂದ ನಾಲ್ಕು ವಾರಗಳಿಗೆ ಮಿತಿಗೊಳಿಸಬೇಕೆಂದು ಸೂಚಿಸಿತು. ನಮ್ಮ ದೇಶದಲ್ಲಿ ಡಯಜೆಪಾಮ್, ಆಲ್‌ಪ್ರಜೋಲಮ್ ಮುಂತಾದವು ೨೦೧೪ರಿಂದ ಹೆಚ್-೧ ಎಂಬ ಅನುಸೂಚಿಗೆ ಸೇರಿವೆ. ವೈದ್ಯರ ಚೀಟಿಯಿಲ್ಲದೆ ಅಂಗಡಿಯವನು ಇವನ್ನು ಮಾರಕೂಡದು, ಮಾರಿದುದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಬಹುಕಾಲ ಸೇವಿಸಿದವರು ವೈದ್ಯರ ಮೇಲ್ವಿಚಾರಣೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕೇ ಹೊರತು ಒಮ್ಮೆಗೇ ಬಿಡತಕ್ಕದ್ದಲ್ಲ.

೫. ವಾರಗಳ ಲೆಕ್ಕದ ಔಷಧಗಳು

ಎರಡನೆಯ ಜಾತಿಯ ಔಷಧಗಳು ಮೂಲತಃ ಖಿನ್ನತೆಗಾಗಿ ಬಂದುವು. ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ ೧೯೫೭ರಲ್ಲಿ ಇಮಿಪ್ರಮಿನ್ ಖಿನ್ನತೆಯನ್ನು ಕಳೆಯುವುದೆಂದು ವರದಿಮಾಡಿದರು. ಅಮೆರಿಕದ ಡೊನಾಲ್ಡ್ ಕ್ಲೈನ್ ಅದನ್ನು, ಇದ್ದಕ್ಕಿದ್ದಂತೆ ಸಾವೇ ಬಂತೆಂಬ ಭೀತಿಗೆ ಸಿಕ್ಕುವ ರೋಗಿಗಳಿಗೆ ಕೊಟ್ಟಾಗ, ಕೆಲವು ವಾರಗಳಲ್ಲಿ ಆ ಭೀತಿಯ ಹೊಡೆತಗಳು ನಿಂತವು. ಭೀತಿಯ ಹೊಡೆತವನ್ನು ಪ್ರತ್ಯೇಕ ಬೇನೆಯೆಂದು ಗುರುತಿಸಲು ಇದು ನೆರವಾಯಿತು. ಅನಂತರ ಸೆರೊಟೋನಿನ್ನಿನ ಮೇಲೆಯೇ ಹೆಚ್ಚಾಗಿ ಕೆಲಸಮಾಡುವ ಔಷಧಗಳು ತಯಾರಾದವು. ೧೯೮೭ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫ್ಲುಆಕ್ಸೆಟಿನ್ ಇವುಗಳಲ್ಲಿ ಪ್ರಸಿದ್ಧವಾದುದು; ಸರ್ಟ್ರಾಲಿನ್, ಎಸಿಟಲೊಪ್ರಾಮುಗಳು ಅದರ ಬಳಗದವು. ದೀರ್ಘಕಾಲದ ಆತಂಕಕ್ಕೆ ವೈದ್ಯರು ಇಂದು ಮೊದಲು ಆರಿಸುವುದು ಸಾಮಾನ್ಯವಾಗಿ ಇವನ್ನೇ.

ಮಿದುಳಿನ ಕಾಂಡದಲ್ಲಿರುವ ಕೆಲವೇ ಲಕ್ಷ ನರಕೋಶಗಳು ಸೆರೊಟೋನಿನ್ನನ್ನು ತಯಾರಿಸಿ, ತಮ್ಮ ಉದ್ದವಾದ ತಂತುಗಳ ಮೂಲಕ ಅಮಿಗ್ಡಲ, ಹಿಪ್ಪೊಕ್ಯಾಂಪಸ್, ಮುಂಭಾಗಗಳೇ ಮೊದಲಾದ ಸಮಸ್ತ ಮಿದುಳಿಗೂ ಹಂಚುವುವು. ನರಸಂಧಿಯಲ್ಲಿ ಸುರಿದ ಸೆರೊಟೋನಿನ್ನನ್ನು ಕೋಶವು ಮರಳಿ ಹೀರಿಕೊಳ್ಳುತ್ತದೆ. ಈ ಹೀರಿಕೆಯನ್ನು ತಡೆಯುವುದೇ ಈ ಔಷಧಗಳ ಕೆಲಸ. ತಡೆಯು ಮೊದಲ ಗುಳಿಗೆಯ ಕೆಲವು ಗಂಟೆಗಳಲ್ಲಿಯೇ ಉಂಟಾಗುತ್ತದೆ. ಹಾಗಿದ್ದರೂ ಆತಂಕವು ಇಳಿಯಲು ಎರಡರಿಂದ ಆರು ವಾರಗಳು ಬೇಕಾಗುವುದೇಕೆ?

ಸೆರೊಟೋನಿನ್ ಕೋಶಗಳು ತಮ್ಮ ಮೇಲೆಯೇ ಕೆಲವು ಗ್ರಾಹಕಗಳನ್ನು ಇಟ್ಟುಕೊಂಡಿವೆ. ಸುತ್ತಲೂ ಸೆರೊಟೋನಿನ್ ಹೆಚ್ಚಾದುದು ಇವುಗಳಿಗೆ ತಿಳಿದೊಡನೆ, ಸಾಕು ನಿಲ್ಲಿಸು ಎಂದು ಕೋಶಕ್ಕೆ ಅಂಕುಶ ಹಾಕುತ್ತವೆ. ಆದುದರಿಂದ ಆರಂಭದ ದಿನಗಳಲ್ಲಿ ಔಷಧವು ಒಂದು ಕಡೆ ಹೆಚ್ಚಿಸಿದುದನ್ನು ಕೋಶವು ಇನ್ನೊಂದು ಕಡೆ ತಗ್ಗಿಸುತ್ತದೆ. ಎರಡು ಮೂರು ವಾರಗಳ ಕಾಲ ಹೆಚ್ಚಿನ ಸೆರೊಟೋನಿನ್ನಿಗೆ ಒಡ್ಡಿಕೊಂಡ ಮೇಲೆ ಈ ಅಂಕುಶವು ಮೊಂಡಾಗುತ್ತದೆ. ಕೋಶಗಳು ಮೊದಲಿನ ವೇಗಕ್ಕೆ ಮರಳುತ್ತವೆ, ಹೀರಿಕೆಯ ತಡೆಯೂ ಮುಂದುವರಿದಿರುತ್ತದೆ. ಸೆರೊಟೋನಿನ್ನಿನ ಪ್ರಭಾವವು ಆಗ ನಿಜವಾಗಿ ಏರುತ್ತದೆ. ಅದಾದ ಮೇಲೆ ಕೋಶಗಳ ಒಳಗೆ ಪೋಷಕ ವಸ್ತುಗಳ ಉತ್ಪತ್ತಿ ಹೆಚ್ಚಿ, ನರಸಂಧಿಗಳು ಮಾರ್ಪಡುವ ಶಕ್ತಿಯನ್ನು ಪಡೆಯುತ್ತವೆಂದು ಅನೇಕ ಪ್ರಯೋಗಗಳು ಸೂಚಿಸಿವೆ. ಬಳ್ಳಾರಿ ರಸ್ತೆಯ ಪ್ರಯೋಗಗಳಲ್ಲಿ ಕಂಡಂತೆ ಆತಂಕವು ಕೋಶಗಳ ರಚನೆಯಲ್ಲಿ ದಿನಗಟ್ಟಲೆ ಬೆಳೆದ ವಸ್ತುವಾದರೆ, ಅದರ ಪರಿಹಾರವೂ ಅದೇ ಗತಿಯಲ್ಲಿ ನಡೆಯುವುದು ಆಶ್ಚರ್ಯವಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಸೆರೊಟೋನಿನ್ನಿನ ಕೊರತೆಯೇ ಆತಂಕಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಜ್ವರವು ಪ್ಯಾರಸಿಟಮಾಲಿನಿಂದ ಇಳಿಯಿತೆಂಬುದರಿಂದ ಪ್ಯಾರಸಿಟಮಾಲಿನ ಕೊರತೆಯೇ ಜ್ವರಕ್ಕೆ ಕಾರಣವೆಂದು ಯಾರೂ ಹೇಳರಷ್ಟೆ. ಎರಡನೆಯದಾಗಿ, ದೇಹದ ಸೆರೊಟೋನಿನ್ನಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಕರುಳಿನಲ್ಲಿಯೇ ಇರುವುದರಿಂದ ಮೊದಲ ದಿನಗಳಲ್ಲಿ ವಾಕರಿಕೆ, ಹೊಟ್ಟೆ ಕೆಡುವುದು ಸಾಮಾನ್ಯ. ಕೆಲವರಲ್ಲಿ ಆತಂಕವೇ ಸ್ವಲ್ಪ ಹೆಚ್ಚುವುದೂ ಉಂಟು. ಹೀಗೆ ತೊಂದರೆಗಳು ಮೊದಲ ವಾರದಲ್ಲಿಯೂ ಗುಣವು ನಾಲ್ಕನೆಯ ವಾರದಲ್ಲಿಯೂ ಬರುವ ಔಷಧವನ್ನು ಎರಡನೆಯ ವಾರದಲ್ಲಿ ಬಿಟ್ಟುಬಿಡುವವರು ಅನೇಕರು. ಅವರಿಗೆ ಕಾಲಮಾನವನ್ನು ಯಾರಾದರೂ ಮೊದಲೇ ವಿವರಿಸಿದ್ದರೆ ಹಲವರು ಉಳಿಯುತ್ತಿದ್ದರು. ಇಪ್ಪತ್ತೈದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆಗಳು ತಲೆದೋರುತ್ತವೆಯೇ ಎಂಬುದನ್ನು ವಿಶೇಷವಾಗಿ ಗಮನಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಎಚ್ಚರಿಸಿದೆ; ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಬಹುಮಟ್ಟಿಗೆ ಈ ವಯಸ್ಸಿನವರೇ. ಗುಣ ಕಂಡ ಮೇಲೆಯೂ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಂದುವರಿಸಿ, ಅನಂತರ ಕ್ರಮವಾಗಿ ಇಳಿಸುವುದು ವೈದ್ಯರ ರೂಢಿ.

೬. ಇತರ ಔಷಧಗಳು

ಮಿದುಳನ್ನು ಬಿಟ್ಟು ದೇಹದ ಮೇಲೆಯೇ ಹೆಚ್ಚಾಗಿ ಕೆಲಸಮಾಡುವ ಔಷಧವೊಂದುಂಟು. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕರು ೧೯೬೦ರ ದಶಕದಲ್ಲಿ ಹೃದ್ರೋಗಕ್ಕಾಗಿ ರೂಪಿಸಿದ ಪ್ರೊಪ್ರನಲಾಲ್ ಹೃದಯ ಮೊದಲಾದ ಅಂಗಗಳ ಮೇಲಿನ ಅಡ್ರಿನಲಿನ್ ಗ್ರಾಹಕಗಳನ್ನು ಮುಚ್ಚುತ್ತದೆ. ಎದೆಬಡಿತವೂ ಕೈನಡುಕವೂ ಇಳಿಯುವುದರಿಂದ ಸಭೆಯಲ್ಲಿ ಹಾಡುವವರಿಗೂ ಮಾತನಾಡುವವರಿಗೂ ಇದನ್ನು ಕೊಡುವುದುಂಟು. ನಡುಗುವುದರಿಂದಲೇ ನಾವು ಹೆದರುತ್ತೇವೆಂದು ವಿಲಿಯಂ ಜೇಮ್ಸ್ ೧೮೮೪ರಲ್ಲಿ ವಾದಿಸಿದ್ದರು. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆಯೆಂದು ಈ ಔಷಧವು ತೋರಿಸುತ್ತದೆ. ಆದರೆ ಸದಾ ಕಾಡುವ ಚಿಂತೆಯನ್ನು ಇದು ಕಳೆಯಲಾರದು. ಉಬ್ಬಸವುಳ್ಳವರಿಗೆ ಅಪಾಯವನ್ನೂ ತರಬಲ್ಲದು. ಸೆರೊಟೋನಿನ್ನಿನ ಒಂದು ಬಗೆಯ ಗ್ರಾಹಕದ ಮೇಲೆಯೇ ಕೆಲಸಮಾಡುವ ಬುಸ್ಪಿರೋನ್, ಉದ್ರೇಕಕಾರಿ ವಸ್ತುಗಳ ಸುರಿತವನ್ನು ಕಡಮೆಮಾಡುವ ಪ್ರಿಗಬಾಲಿನ್ ಎಂಬುವೂ ಬಳಕೆಯಲ್ಲಿವೆ.

ಉಪಸಂಹಾರ

ಮೇಲಿನ ವಿವರಣೆಯಿಂದ ಒಂದು ಅಂಶವು ಸ್ಪಷ್ಟವಾಗುತ್ತದೆ. ಈ ಔಷಧಗಳಲ್ಲಿ ಯಾವುದೂ ಮನುಷ್ಯನಿಗೆ ಹೊರಗಿನಿಂದ ಧೈರ್ಯವನ್ನು ತಂದು ತುಂಬುವುದಿಲ್ಲ. ದೇಹದಲ್ಲಿ ಮೊದಲೇ ಇರುವ ಶಮನದ ಏರ್ಪಾಡುಗಳಿಗೆ ಅವು ನೆರವಾಗುವುವು. ಗಂಟೆಯ ಲೆಕ್ಕದ ಔಷಧವು ಉದ್ರೇಕವನ್ನು ತಾತ್ಕಾಲಿಕವಾಗಿ ತಡೆಯುತ್ತದೆ. ವಾರಗಳ ಲೆಕ್ಕದ್ದು ನರಸಂಧಿಗಳು ಹೊಸದಾಗಿ ಹೊಂದಿಕೊಳ್ಳಲು ಅವಕಾಶ ಕಲ್ಪಿಸುತ್ತದೆ. ಆ ಅವಕಾಶದಲ್ಲಿ ಮಿದುಳು ಏನನ್ನಾದರೂ ಕಲಿಯಬೇಕು. ಭಯಪಡಿಸುವ ಸನ್ನಿವೇಶಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಲು ಕಲಿಸುವ ಮನಶ್ಚಿಕಿತ್ಸೆಯು ಔಷಧದಷ್ಟೇ ಫಲಕಾರಿಯೆಂದು ಕಂಡುಬಂದಿರುವುದಕ್ಕೆ ಇದು ಕಾರಣವಿರಬಹುದು. ಎಷ್ಟೋ ಮಂದಿಗೆ ಅದೊಂದೇ ಸಾಕಾಗುತ್ತದೆ.

ಅಧ್ಯಾಪಕರಾದ ನಮಗೆ ಇದರಿಂದ ಕೆಲವು ಕರ್ತವ್ಯಗಳು ಒದಗುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನ ಗುಳಿಗೆಯನ್ನು ಎರವಲು ಪಡೆಯುವುದು ನಿರಪಾಯಕರವಲ್ಲವೆಂದು ವಿದ್ಯಾರ್ಥಿಗಳಿಗೆ ತಿಳಿಸಬೇಕು. ಚಿಕಿತ್ಸೆಯಲ್ಲಿರುವವನು ಮೊದಲ ವಾರಗಳಲ್ಲಿ ತರಗತಿಯಲ್ಲಿ ಮಂಕಾಗಿ ಕುಳಿತರೆ ಅದನ್ನು ಆಲಸ್ಯವೆಂದು ಎಣಿಸದೆ, ಔಷಧವನ್ನು ಬಿಡುವ ಮುನ್ನ ವೈದ್ಯರನ್ನು ಕಾಣುವಂತೆ ಹೇಳಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದವರಿಗಾಗಿ ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯುಂಟು. ಅದರ ಸಂಖ್ಯೆ ೧೪೪೧೬, ಅದಕ್ಕೆ ಮಾರ್ಗದರ್ಶನ ಮಾಡುತ್ತಿರುವುದು ನಮ್ಮ ನಿಮ್ಹಾನ್ಸ್. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಈ ಸಂಖ್ಯೆಯನ್ನು ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ, ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲಿ ಹಾಕುವುದು ಉಚಿತ.